ನೆರೆ ಇಳಿದ ಮೇಲೆ ಶಾಲೆಯ ಬಾಗಿಲು ತೆರೆಯಲು ಸರ್ಕಾರದ ಅನುದಾನ ಪಡೆಯುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಉತ್ತರ ಕರ್ನಾಟಕದ ಊರುಗಳಿಗೆ ನುಗ್ಗಿದಾಗ ತಗ್ಗಿನಲ್ಲಿದ್ದ ಶಾಲೆಗಳು ನೀರಿನಲ್ಲಿ ನಿಂತವು, ಎತ್ತರದಲ್ಲಿದ್ದವು ಸಂತ್ರಸ್ತರ ಆಶ್ರಯತಾಣಗಳಾದವು. ಎರಡೂ ಕಡೆ ಪಾಠ ನಿಂತಿತು. ಇಂಥ ಹೊತ್ತಿನಲ್ಲಿ ಶಾಲೆಗೆ ನೆರವಾಗಲು ಸರ್ಕಾರದಲ್ಲಿ ಹಣವಿದೆ. ಆದರೆ ಅದು ಒಂದೇ ಕಡೆ ಇಲ್ಲ, ಕೇಳದೆ ಬರುವುದೂ ಇಲ್ಲ. ನೀರು ಇಳಿದ ಮೊದಲ ನಾಲ್ಕೈದು ದಿನಗಳಲ್ಲಿ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಏನೇನು ದಾಖಲೆ ಮಾಡಿಟ್ಟುಕೊಳ್ಳುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಎಲ್ಲಕ್ಕಿಂತ ಮೊದಲು ಲೈನ್‌ಮನ್ ಕರೆಸಿ ಶಾಲೆಯ ವಿದ್ಯುತ್ ಸಂಪರ್ಕ ಕಡಿತಗೊಳಿಸಬೇಕು. ಆಮೇಲೆ, ಪೊರಕೆ ಹಿಡಿಯುವ ಮುನ್ನ, ಫೋಟೊ ತೆಗೆಯಬೇಕು. ನಾನು ಕಂಡ ಒಂದು ಹಳ್ಳಿಯಲ್ಲಿ ಯುವಕರು ಒಂದೇ ದಿನದಲ್ಲಿ ನಾಲ್ಕು ಕೊಠಡಿಗಳ ರಾಡಿ ಬಳಿದು ತೊಳೆದಿದ್ದರು; ಅವರ ಪ್ರೀತಿ ದೊಡ್ಡದು, ಆದರೆ ವಾರದ ಬಳಿಕ ಬಂದ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು ಒದ್ದೆ ಗೋಡೆ ಮಾತ್ರ. ಆದ್ದರಿಂದ ಪ್ರತಿ ಕೊಠಡಿಯ ಬಾಗಿಲಲ್ಲಿ ನಿಂತು ಗೋಡೆಯ ಮೇಲೆ ನೀರು ಬಿಟ್ಟುಹೋದ ಗೆರೆ, ಕುಸಿದ ನೆಲ, ಬಿರುಕು, ಒಂದಕ್ಕೊಂದು ಅಂಟಿಕೊಂಡ ನಲಿ-ಕಲಿ ಕಾರ್ಡುಗಳು, ಉಬ್ಬಿದ ಬೆಂಚು, ಅಡುಗೆ ಕೋಣೆಯ ನೆನೆದ ಅಕ್ಕಿಮೂಟೆ, ಇವೆಲ್ಲವೂ ದಿನಾಂಕ ಸಹಿತ ಕಾಣುವಂತೆ ಚಿತ್ರ ತೆಗೆದಿಡಬೇಕು. ನೀರಿನ ಗೆರೆಯ ಪಕ್ಕದಲ್ಲಿ ಅಳತೆ ಟೇಪು ಹಿಡಿದು ತೆಗೆದ ಒಂದು ಫೋಟೊ ಎರಡು ಪುಟದ ಮನವಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎರಡನೆಯ ಕೆಲಸ ಮಹಜರು. ಗ್ರಾಮ ಆಡಳಿತ ಅಧಿಕಾರಿ, ಪಂಚಾಯಿತಿಯ ಪಿಡಿಒ, ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಇಬ್ಬರು ಪೋಷಕರ ಸಮ್ಮುಖದಲ್ಲಿ ಹಾನಿಯ ಪಟ್ಟಿ ಬರೆದು ಸಹಿ ಹಾಕಿಸಬೇಕು. ಇದರ ಒಂದು ಪ್ರತಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ), ಇನ್ನೊಂದು ತಹಶೀಲ್ದಾರರಿಗೆ ಹೋಗಬೇಕು; ಶಾಲೆಯ ಗುರುತಿನ ಸಂಖ್ಯೆಯಾದ ಯು-ಡೈಸ್ ಸಂಖ್ಯೆ ಎರಡರಲ್ಲೂ ಇರಲಿ. ಹಲವರು ಎಡವುವುದು ಇಲ್ಲಿಯೇ. ಶಾಲೆ ಶಿಕ್ಷಣ ಇಲಾಖೆಯದಾದರೂ ವಿಪತ್ತು ಪರಿಹಾರದ ಹಣ ಸಾಗುವುದು ಕಂದಾಯ ಇಲಾಖೆಯ ದಾರಿಯಲ್ಲಿ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೂಲಕ. ಬಿಇಒ ಕಚೇರಿಗೆ ಮಾತ್ರ ಬರೆದು ಕಾಯುತ್ತ ಕುಳಿತರೆ ತಾಲ್ಲೂಕಿನ ಹಾನಿ ಪಟ್ಟಿಯಲ್ಲಿ ಆ ಶಾಲೆಯ ಹೆಸರೇ ಸೇರದೆ ಹೋಗಬಹುದು.

ಈ ಹಣದ ಮೂಲ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಸ್ಥಾಪಿತವಾದ ರಾಜ್ಯ ವಿಪತ್ತು ಪರಿಹಾರ ನಿಧಿ (ಎಸ್‌ಡಿಆರ್‌ಎಫ್). ಕರ್ನಾಟಕದಂಥ ರಾಜ್ಯಗಳಲ್ಲಿ ಇದರ ಶೇ 75ರಷ್ಟನ್ನು ಕೇಂದ್ರ, ಶೇ 25ರಷ್ಟನ್ನು ರಾಜ್ಯ ಭರಿಸುತ್ತವೆ. ಕೇಂದ್ರ ಗೃಹ ಸಚಿವಾಲಯ 2022–26ರ ಅವಧಿಗೆ ಹೊರಡಿಸಿದ ಮಾನದಂಡದಲ್ಲಿ ಹಾನಿಗೊಂಡ ಪ್ರಾಥಮಿಕ ಶಾಲೆಯ ದುರಸ್ತಿಗೆ ಗರಿಷ್ಠ ₹2 ಲಕ್ಷ ನಿಗದಿಯಾಗಿದೆ. ಅದಕ್ಕೂ ಹಿಂದಿನ ಮಾನದಂಡದಲ್ಲಿ ಇದು ₹1.5 ಲಕ್ಷ ಇತ್ತು. ‘ಗರಿಷ್ಠ’ ಮತ್ತು ‘ದುರಸ್ತಿ’ ಎಂಬ ಎರಡು ಪದಗಳನ್ನು ಗಮನಿಸಬೇಕು. ಹೆಂಚು, ನೆಲ, ಗಿಲಾವು, ಬಾಗಿಲು, ಕಿಟಕಿ ಸರಿಪಡಿಸಲು ಇದು ಸಲ್ಲುತ್ತದೆಯೇ ಹೊರತು ಹೊಸ ಕೊಠಡಿ ಕಟ್ಟಲು ಅಲ್ಲ. ಗೋಡೆಯೇ ಬಿದ್ದ ಶಾಲೆಗೆ ₹2 ಲಕ್ಷ ಯಾವ ಮೂಲೆಗೂ ಸಾಲದು ಎಂಬುದನ್ನು ಒಪ್ಪಲೇಬೇಕು, ಈ ಮಿತಿ ಏರಬೇಕೆಂಬುದು ನನ್ನ ಖಚಿತ ಅಭಿಪ್ರಾಯ ಕೂಡ.

ಹಾಗಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಎಂಜಿನಿಯರ್ ಬಂದಾಗ ಕೊಠಡಿಗಳನ್ನು ಮೂರಾಗಿ ವಿಂಗಡಿಸಿ ಅಂದಾಜು ಪಟ್ಟಿ ಕೇಳುವುದು ಒಳ್ಳೆಯದು: ಈಗಲೇ ಪಾಠ ಮಾಡಬಹುದಾದವು, ದುರಸ್ತಿಯಾದರೆ ಸಾಕಾದವು, ಕೆಡವಲೇಬೇಕಾದವು. ಎರಡನೆಯ ಗುಂಪಿಗೆ ಎಸ್‌ಡಿಆರ್‌ಎಫ್. ಮೂರನೆಯದಕ್ಕೆ ಪ್ರತ್ಯೇಕ ಪ್ರಸ್ತಾವವೇ ಬೇಕು. ಅದು ಬಿಇಒ ಮೂಲಕ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಹೋಗಿ, ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಕ್ರಿಯಾಯೋಜನೆಯಲ್ಲಿಯೋ ರಾಜ್ಯದ ಕೊಠಡಿ ನಿರ್ಮಾಣ ಅನುದಾನದಲ್ಲಿಯೋ ಸೇರಬೇಕಾಗುತ್ತದೆ. ಶಾಸಕರ ಮತ್ತು ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಗೂ ಇದೇ ಅಂದಾಜು ಪಟ್ಟಿಯನ್ನು ಲಗತ್ತಿಸಿ ಮನವಿ ಕೊಡಬಹುದು. ಆದರೆ ಒಂದೇ ಕಾಮಗಾರಿಯನ್ನು ಎರಡು ಕಡೆ ತೋರಿಸಬಾರದು. ಲೆಕ್ಕಪರಿಶೋಧನೆಯಲ್ಲಿ ಉತ್ತರ ಹೇಳಬೇಕಾದವರು ಮುಖ್ಯ ಶಿಕ್ಷಕರೇ.

ಈ ಹಣ ಬರುವವರೆಗೆ ಕೈಯಲ್ಲಿರುವುದು ಸಮಗ್ರ ಶಿಕ್ಷಣದ ಶಾಲಾ ಅನುದಾನ. ಮಾನದಂಡದಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ ₹10 ಸಾವಿರ, 100ರವರೆಗೆ ₹25 ಸಾವಿರ, 250ರವರೆಗೆ ₹50 ಸಾವಿರ, 1,000ದವರೆಗೆ ₹75 ಸಾವಿರ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ಎಸ್‌ಡಿಎಂಸಿ ಸಭೆ ಕರೆದು ನಡಾವಳಿ ಬರೆದು, ಟ್ಯಾಂಕ್ ತೊಳೆಸುವುದು, ಬ್ಲೀಚಿಂಗ್ ಪುಡಿ, ಶೌಚಾಲಯದ ಸಣ್ಣ ರಿಪೇರಿಗೆ ಇದನ್ನು ಬಳಸಿ ರಸೀದಿ ಇಟ್ಟುಕೊಳ್ಳಬೇಕು.

ಪುಸ್ತಕ ಮತ್ತು ಅಕ್ಕಿಗೆ ಹಣ ಕೇಳುವುದಲ್ಲ, ವಸ್ತುವನ್ನೇ ಕೇಳಬೇಕು. ತರಗತಿವಾರು, ಮಾಧ್ಯಮವಾರು ಎಷ್ಟು ಪಠ್ಯಪುಸ್ತಕ ಹಾಳಾಗಿವೆ ಎಂಬ ಪಟ್ಟಿ ಬಿಇಒ ಕಚೇರಿಗೆ. ನೆನೆದ ದಾಸ್ತಾನಿನ ವಿವರ ತಾಲ್ಲೂಕಿನ ಅಕ್ಷರ ದಾಸೋಹ (ಬಿಸಿಯೂಟ) ಸಹಾಯಕ ನಿರ್ದೇಶಕರಿಗೆ. ಒಣಗಿಸಿದರೆ ನಡೆದೀತು ಎಂದು ಆ ಅಕ್ಕಿಯನ್ನು ಮಕ್ಕಳಿಗೆ ಬೇಯಿಸಿ ಬಡಿಸಲೇಬಾರದು. ದಾಖಲಾತಿ ವಹಿ ಮಾತ್ರ ಎಷ್ಟೇ ನೆನೆದಿದ್ದರೂ ಬಿಸಾಡಬೇಡಿ. ಹಾಳೆಗಳನ್ನು ಎಳೆದು ಬಿಡಿಸಲು ಹೋಗದೆ ನೆರಳಿನಲ್ಲಿ ಗಾಳಿಗೆ ಇಟ್ಟು, ನಡುನಡುವೆ ಬಿಳಿ ಹಾಳೆ ಸೇರಿಸುತ್ತ ಒಣಗಿಸಬೇಕು; ಮೂವತ್ತು ವರ್ಷದ ಹಿಂದೆ ಓದಿದವರೂ ಜನ್ಮ ದಿನಾಂಕಕ್ಕಾಗಿ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಈಗಿನ ಮಕ್ಕಳ ವಿವರವಾದರೆ ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ಮಾಹಿತಿ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಸಿಗುತ್ತದೆ.

ಶಾಲೆ ಪರಿಹಾರ ಕೇಂದ್ರವಾಗಿದ್ದರೆ, ಅಲ್ಲಿರುವವರಿಗೆ ಬೇರೆ ವಸತಿ ಯಾವಾಗ ದೊರೆಯುತ್ತದೆ ಎಂದು ತಹಶೀಲ್ದಾರರಿಂದ ಲಿಖಿತ ದಿನಾಂಕ ಪಡೆಯಬೇಕು. ಅವರೂ ನಮ್ಮ ಮಕ್ಕಳ ತಂದೆ ತಾಯಿಯರೇ ಆದ್ದರಿಂದ ಜಗಳ ಸಲ್ಲದು, ಅಲ್ಲಿಯವರೆಗೆ ಸಮುದಾಯ ಭವನದಲ್ಲೋ ಪಾಳಿ ಪದ್ಧತಿಯಲ್ಲೋ ತರಗತಿ ನಡೆಸಬಹುದು. ಯಾವುದೇ ಕೊಠಡಿಯೊಳಗೆ ಮಕ್ಕಳನ್ನು ಕೂರಿಸುವ ಮುನ್ನ ಅದು ಸುರಕ್ಷಿತವೆಂದು ಎಂಜಿನಿಯರ್ ಸಹಿ ಮಾಡಿದ ಪತ್ರ ಕಡತದಲ್ಲಿರಬೇಕು. ಕೆಲಸ ಮುಗಿದ ಮೇಲೆ, ಮೊದಲ ಫೋಟೊ ತೆಗೆದ ಜಾಗದಲ್ಲೇ ನಿಂತು ಇನ್ನೊಂದು ಫೋಟೊ ತೆಗೆದು ಹಣ ಬಳಕೆ ಪ್ರಮಾಣಪತ್ರದೊಂದಿಗೆ ಸಲ್ಲಿಸಿ, ಖರ್ಚಿನ ಪಟ್ಟಿಯನ್ನು ಪೋಷಕರ ಸಭೆಯಲ್ಲಿ ಓದಿ ಹೇಳಬೇಕು.