ಬ್ಲೋವರ್ ನಿಲ್ಲಿಸಿದ ಮೇಲೆ ನಮ್ಮ ಎಸ್‌ಟಿಪಿ ಸರಿಹೋಯಿತು

ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ. ಅದಕ್ಕೆ ಗಾಳಿ ಊದುವ ಬ್ಲೋವರ್ ಹಗಲೂ ರಾತ್ರಿ ಓಡಲೇಬೇಕು, ನಿಲ್ಲಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ಇಡೀ ಅಪಾರ್ಟ್‌ಮೆಂಟ್ ನಾರುತ್ತೆ. ಹೀಗೆ ನನಗೆ ಪಾಠ ಹೇಳಿದವರು ಒಬ್ಬಿಬ್ಬರಲ್ಲ. ಅವರೆಲ್ಲ ಈಗ ಬಂದು ನಮ್ಮ ಸೆಟ್ಲರ್ (ಕೆಸರು ಕೆಳಗೆ ಕೂರುವ ತೊಟ್ಟಿ) ನೋಡಲಿ, ಅದರ ಅಂಚಿನ ವಿಯರ್ ಮೇಲೆ ಹರಿಯುವ ನೀರಿನಲ್ಲಿ ಒಂದು ಚೂರು ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾ ತುಂಬಿದ ಆ ಕೆಸರು, ಕಾಣಲ್ಲ.

ನಮ್ಮದು ವರ್ತೂರು ಕಡೆ. ದಿನಕ್ಕೆ ಹೆಚ್ಚುಕಮ್ಮಿ ಲಕ್ಷ ಲೀಟರ್ ಕೊಳಚೆ. ಫ್ಲಶ್‌ಗೂ ಗಿಡಕ್ಕೂ ಬಳಸಿ ಮಿಕ್ಕಿದ ನೀರು ರಾಜಕಾಲುವೆಗೆ ಬಿದ್ದು ವರ್ತೂರು ಕೆರೆ ಸೇರುತ್ತೆ, ಅಲ್ಲಿಂದ ದಕ್ಷಿಣ ಪಿನಾಕಿನಿ, ಆಮೇಲೆ ಹೊಸೂರಿನ ಕೆಲವರಪಲ್ಲಿ ಅಣೆಕಟ್ಟು. ನಮ್ಮ ಬಚ್ಚಲ ನೀರು ತಮಿಳುನಾಡಿನವರೆಗೆ ಹೋಗುತ್ತೆ ಅಂದರೆ ಅಸೋಸಿಯೇಷನ್‌ನವರು ನಕ್ಕರು. ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿ ನೈಟ್ರೇಟ್ ತುಂಬಿದ್ದರೆ ಕೆರೆಯಲ್ಲಿ ಕಳೆ ಬೆಳೆಯುತ್ತೆ, ಅಷ್ಟೇ ವಿಷಯ.

ನಮ್ಮ ಕಾಟ ಏನಂದರೆ ಸ್ಲಡ್ಜ್ ತೇಲುವುದು. ಏರೇಷನ್ ಟ್ಯಾಂಕ್ (ಬ್ಲೋವರ್ ಗಾಳಿ ಊದುವ ತೊಟ್ಟಿ) ನೀರನ್ನು ಜಾರ್‌ನಲ್ಲಿ ಹಿಡಿದರೆ ಸ್ಲಡ್ಜ್ ಅರ್ಧ ಗಂಟೆಯಲ್ಲಿ ಚೆನ್ನಾಗಿ ಕೂರುತ್ತಿತ್ತು, ಇನ್ನೊಂದು ಗಂಟೆ ಬಿಟ್ಟರೆ ಪೂರ್ತಿ ಗಡ್ಡೆ ಹುದುಗಿದ ಇಡ್ಲಿ ಹಿಟ್ಟಿನ ಹಾಗೆ ಮೇಲೆದ್ದು ಬರುತ್ತಿತ್ತು. ಕಡ್ಡಿ ಹಾಕಿ ಕದಡಿದರೆ ಸಣ್ಣ ಗುಳ್ಳೆ ಬಿಟ್ಟು ಮತ್ತೆ ಕೆಳಗೆ. ಆ ಗುಳ್ಳೆ ನೈಟ್ರೋಜನ್, ಸೆಟ್ಲರ್ ತಳದಲ್ಲಿ ನೈಟ್ರೇಟ್ ಒಡೆದು ಹುಟ್ಟಿದ್ದು. ಆದರೆ ಮೇಂಟೆನೆನ್ಸ್‌ನವರು ಬ್ಯಾಕ್ಟೀರಿಯಾ ಕಲ್ಚರ್ ಪುಡಿ ಹಾಕಿಸಿದರು, ಕೆಸರು ಗಡ್ಡೆ ಕಟ್ಟಿಸುವ ಪಾಲಿ ಹಾಕಿಸಿದರು, ಸಗಣಿ ಬೆಲ್ಲವೂ ಆಯಿತು. ಆರೇಳು ತಿಂಗಳಲ್ಲಿ ಲಕ್ಷದ ಹತ್ತಿರ ಖರ್ಚು. ಕೊನೆಗೆ ಗಾಳಿ ಜಾಸ್ತಿ ಮಾಡಿ ಅಂದರು. ಗಾಳಿ ಸಿಕ್ಕರೆ ಕೊಳಚೆಯ ಅಮೋನಿಯಾ ನೈಟ್ರೇಟ್ ಆಗುತ್ತೆ, ಹಾಗಾಗಿ ಜಾಸ್ತಿ ಮಾಡಿದಷ್ಟೂ ನೈಟ್ರೇಟ್ ಜಾಸ್ತಿ, ತೇಲುವುದೂ ಜಾಸ್ತಿ! ಜೊತೆಗೆ ಪಿಎಚ್ ಬೀಳುತ್ತಿತ್ತು, ಅದಕ್ಕೆ ಸುಣ್ಣದ ಮೂಟೆ ಬೇರೆ.

ನೈಟ್ರೇಟ್ ಒಡೆಯುವುದು ಗಾಳಿ ಇಲ್ಲದಾಗ. ಸೆಟ್ಲರ್‌ನಲ್ಲಿ ಆಗುವ ಆ ಕೆಲಸ ಏರೇಷನ್ ಟ್ಯಾಂಕ್‌ನಲ್ಲೇ ಆಗಿಬಿಡಲಿ ಅಂತ ಎರಡೂವರೆ ಸಾವಿರದ ಟೈಮರ್ ತಂದು ಬ್ಲೋವರ್ ಸ್ಟಾರ್ಟರ್‌ಗೆ ಕಟ್ಟಿದೆ. ಸುಮ್ನೆ ಆಫ್ ಮಾಡಿದರೆ ಸಾಲದು. ಆಫ್ ಇರುವ ಹೊತ್ತಿಗೇ ಟ್ಯಾಂಕ್‌ಗೆ ಕೊಳಚೆ ಬಿಡುವ ಫೀಡ್ ಪಂಪ್ ಓಡಬೇಕು, ನೈಟ್ರೇಟ್ ಒಡೆಯುವ ಬ್ಯಾಕ್ಟೀರಿಯಾಕ್ಕೆ ಹೊಸ ಕೊಳಚೆಯೇ ಊಟ. ನಡುನಡುವೆ ಅರೆಕ್ಷಣ ಗಾಳಿ ಕೊಟ್ಟು ತಳ ಕದಡಬೇಕು. ಬೆಳಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಲ್ಲಿ ಮಾತ್ರ ನಿಲ್ಲಿಸಬೇಡಿ, ಅಮೋನಿಯಾ ಏರುತ್ತೆ. ಎಷ್ಟು ನಿಮಿಷ ಆನ್, ಎಷ್ಟು ಆಫ್ ಅಂತ ಕೇಳಬೇಡಿ, ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಡಿಒ ಮೀಟರ್ ಹಿಡಿದು ರಾತ್ರಿಯೆಲ್ಲ ಕೂತು ಕಂಡುಕೊಂಡಿದ್ದು ಅದು.

ನಾತ ಬಂತು, ನಿಜ. ಬಂದಿದ್ದು ಏರೇಷನ್ ಟ್ಯಾಂಕ್‌ನಿಂದಲ್ಲ, ಕೊಳಚೆ ಮೊದಲು ಬಂದು ಸೇರುವ ಕಲೆಕ್ಷನ್ ಟ್ಯಾಂಕ್‌ನಿಂದ. ಅದಕ್ಕೂ ಇದೇ ಬ್ಲೋವರ್ ಗಾಳಿ ಹೋಗುತ್ತಿತ್ತಲ್ವಾ. ಸಣ್ಣದೊಂದು ಬೇರೆ ಬ್ಲೋವರ್ ಹಾಕಿಸಿದ ಮೇಲೆ ನಾತ ನಿಂತಿತು, ಖರ್ಚು 40 ಸಾವಿರದ ಒಳಗೆ. ನಿಮ್ಮಲ್ಲಿ ರಿಟರ್ನ್ ಸ್ಲಡ್ಜ್ (ಸೆಟ್ಲರ್‌ನಿಂದ ಏರೇಷನ್ ಟ್ಯಾಂಕ್‌ಗೆ ವಾಪಸ್ ಹೋಗುವ ಕೆಸರು) ಗಾಳಿಯ ಬಲದಿಂದ ಎತ್ತುವ ಏರ್‌ಲಿಫ್ಟ್‌ನಲ್ಲಿ ಬರುತ್ತಿದ್ದರೆ ಮೊದಲು ಪಂಪ್ ಹಾಕಿಸಿ, ಇಲ್ಲದಿದ್ದರೆ ಬ್ಲೋವರ್ ಜೊತೆ ಅದೂ ನಿಲ್ಲುತ್ತೆ.

ಹೊರಬರುವ ನೀರಿನಲ್ಲಿ ಒಟ್ಟು ನೈಟ್ರೋಜನ್ ಮೊದಲು ಲೀಟರಿಗೆ 40 ಮಿಲಿಗ್ರಾಂ ಹತ್ತಿರ ಇತ್ತು, ಈಗ ಮಾಲಿನ್ಯ ನಿಯಂತ್ರಣ ಮಂಡಳಿ ಕೇಳುವ 10ರ ಆಸುಪಾಸು. ಸುಣ್ಣ ಅರ್ಧಕ್ಕಿಂತ ಕಮ್ಮಿ. ಏಳೂವರೆ ಎಚ್‌ಪಿ ಮೋಟರ್ ಅಷ್ಟು ಹೊತ್ತು ಸುಮ್ಮನಿರುವುದರಿಂದ ಕರೆಂಟ್ ಬಿಲ್ಲಿನಲ್ಲೇ ತಿಂಗಳಿಗೆ ಎಂಟು ಸಾವಿರ ಉಳಿಯುತ್ತಿದೆ. ನಕ್ಕಿದ್ದ ಅಸೋಸಿಯೇಷನ್‌ನವರು ಈಗ ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸೋಕೆ ಆಗುತ್ತಾ ಅಂತ ಕೇಳುತ್ತಾರೆ!

ಹೊರಗೆ ಬಿಡುವ ನೀರಿಗೆ ಜಲ್ಲಿ ತೊಟ್ಟಿ ಮಾಡಿ ಕ್ಯಾನಾ ಗಿಡವನ್ನೂ ಜೊಂಡನ್ನೂ ನೆಟ್ಟೆ. ಕ್ಯಾನಾ ಸೊಂಪಾಗಿ ಬಂತು, ಜೊಂಡು ಬೇರಿನಿಂದ ಪೈಪ್ ಕಟ್ಟಿಸಿಬಿಟ್ಟಿತು, ಕಿತ್ತು ಹಾಕಿದೆ. ಫಾಸ್ಫೇಟ್ ಮಾತ್ರ ಇನ್ನೂ ಬಗ್ಗಿಲ್ಲ. ಆಲಮ್ ಹಾಕಿದರೆ ಇಳಿಯುತ್ತೆ, ಆದರೆ ಸ್ಲಡ್ಜ್ ಜಾಸ್ತಿಯಾಗಿ ಅದನ್ನು ಹಿಂಡುವ ಫಿಲ್ಟರ್ ಪ್ರೆಸ್ ಬಟ್ಟೆ ಬೇಗ ಕಟ್ಟಿಕೊಳ್ಳುತ್ತೆ. ಸದ್ಯಕ್ಕೆ ಎಷ್ಟು ಕಮ್ಮಿ ಡೋಸ್‌ನಲ್ಲಿ ಕೆಲಸ ಆಗುತ್ತೆ ಅಂತ ಬಕೆಟ್‌ನಲ್ಲಿ ನೋಡುತ್ತಿದ್ದೇನೆ.