ಎರಡು ಆಂಟಿಬಯೋಟಿಕ್ ಒಟ್ಟಿಗೆ ಬರೆದುಕೊಟ್ಟಾಗ

ತೀರ್ಥಹಳ್ಳಿ, ಸಾಗರದ ಕಡೆಯ ಅಡಿಕೆ ತೋಟದಲ್ಲಿ ಕಾಲಿಗಾದ ಗಾಯವು ಕೀವುಗಟ್ಟಿ, ಮೊದಲು ಕೊಟ್ಟ ಆಂಟಿಬಯೋಟಿಕ್‌ಗೆ ಬಗ್ಗದಿದ್ದರೆ, ಮೆಡಿಕಲ್ ಶಾಪಿನಿಂದ ಇನ್ನೊಂದನ್ನು ಕೇಳಿ ತರುವ ಬದಲು ವೈದ್ಯರಿಗೆ ತೋರಿಸಿ, ಹೊಸ ಔಷಧಿ ಆರಂಭವಾಗುವ ಮೊದಲೇ ಕೀವಿನ ಕಲ್ಚರ್ ಪರೀಕ್ಷೆಯ (ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಯಾವ ಔಷಧಿಗೆ ಮಣಿಯುತ್ತದೆ ಎಂದು ನೋಡುವುದು) ಬಗ್ಗೆ ಕೇಳಬೇಕು. ಫಲಿತಾಂಶಕ್ಕೆ ಸಾಮಾನ್ಯವಾಗಿ 2ರಿಂದ 3 ದಿನ ಹಿಡಿಯುತ್ತದೆ. ವರದಿಯಲ್ಲಿ ಔಷಧಿಯ ಹೆಸರಿನ ಎದುರು ‘ಎಸ್’ ಇದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಮಣಿಯುತ್ತದೆ, ‘ಆರ್’ ಇದ್ದರೆ ಮಣಿಯುವುದಿಲ್ಲ.

ವೈದ್ಯರು ಒಂದಕ್ಕಿಂತ ಹೆಚ್ಚು ಔಷಧಿಯನ್ನು ಒಟ್ಟಿಗೆ ಬರೆದುಕೊಟ್ಟರೆ ಅದಕ್ಕೆ ಕಾರಣವಿರುತ್ತದೆ. ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಅನ್ನು ಒಡೆದುಹಾಕುವ ಬ್ಯಾಕ್ಟೀರಿಯಾದ ಕಿಣ್ವವನ್ನು ಕ್ಲಾವುಲಾನಿಕ್ ಆಮ್ಲವು ಕಟ್ಟಿಹಾಕುವುದರಿಂದ ಅವೆರಡೂ ಒಂದೇ ಮಾತ್ರೆಯಲ್ಲಿ ಬರುತ್ತವೆ. ಕ್ಷಯಕ್ಕೆ ಮೊದಲ 2 ತಿಂಗಳು 4 ಔಷಧಿ ಕೊಡುವುದು, ಒಂದಕ್ಕೆ ಜಗ್ಗದ ರೋಗಾಣು ಇನ್ನೊಂದಕ್ಕಾದರೂ ಸಿಕ್ಕಿಬೀಳಲಿ ಎಂದು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವ ನಮ್ಮವರಿಗೆ 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 1 ಕಿಲೋ ಎಂಬ ಅಳತೆ ಬಾಯಿಪಾಠವಾದರೂ, ಮಾತ್ರೆಗಳಲ್ಲಿ ಆ ಕೈಚಳಕ ನಡೆಯದು. ಪೆನಿಸಿಲಿನ್ ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ಗೋಡೆಯನ್ನು ಕೆಡಿಸುತ್ತದೆ. ಟೆಟ್ರಾಸೈಕ್ಲಿನ್ ಆ ಬೆಳವಣಿಗೆಯನ್ನೇ ನಿಲ್ಲಿಸುವುದರಿಂದ, ಎರಡನ್ನೂ ಸೇರಿಸಿದರೆ ಕೆಲವೊಮ್ಮೆ ಒಂದು ಇನ್ನೊಂದರ ಕೈ ಕಟ್ಟುತ್ತದೆ. ಆದ್ದರಿಂದ ಕಳೆದ ಸಲ ಉಳಿದ ಮಾತ್ರೆಯನ್ನು ಈಗ ಬರೆದುಕೊಟ್ಟ ಔಷಧಿಯೊಂದಿಗೆ ಸೇರಿಸಬಾರದು. ಮೈಮೇಲೆ ದದ್ದು ಎದ್ದರೆ ಅಥವಾ ಭೇದಿ ಹೆಚ್ಚಾದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಉಸಿರು ಕಟ್ಟಿದರಂತೂ ತಕ್ಷಣ ಆಸ್ಪತ್ರೆಗೆ ಹೊರಡಬೇಕು.