ಎಡ್ವರ್ಡ್ ಗೋರಿಯ ಕರಾಳ ಪುಟ್ಟ ಪುಸ್ತಕಗಳನ್ನು ಓದೋದು ಹೇಗೆ

ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಸಾವು. ಇಂಗ್ಲಿಷ್ ಅಕ್ಷರಮಾಲೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಮಗು, ಮಗುವಿಗೊಂದು ಕಪ್ಪು ಬಿಳುಪು ಚಿತ್ರ, ಚಿತ್ರದ ಜೊತೆ ಒಂದೇ ಒಂದು ಸಾಲು. ಅಮೆರಿಕದ ಎಡ್ವರ್ಡ್ ಗೋರಿ 1963ರಲ್ಲಿ ತಂದ 'ದಿ ಗ್ಯಾಶ್ಲಿಕ್ರಂಬ್ ಟೈನೀಸ್' ಇಷ್ಟೇ. ಐದು ನಿಮಿಷ ಸಾಕು ಮುಗಿಸೋಕೆ. ಆದರೆ ಹಾಗೆ ಸರಸರ ಪುಟ ತಿರುಗಿಸಿದರೆ "ಮಕ್ಕಳು ಸಾಯೋದರಲ್ಲಿ ನಗೋಕೆ ಏನಿದೆ?" ಅನ್ನಿಸಿ ಪುಸ್ತಕ ಪಕ್ಕಕ್ಕೆ ಹೋಗುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಬೇಕಾದರೆ ಸ್ವಲ್ಪ ನಿಧಾನ ಮಾಡಬೇಕು.

ಮೊದಲು ಸಾಲನ್ನು ಕೈಯಲ್ಲಿ ಮುಚ್ಚಿ, ಚಿತ್ರ ಮಾತ್ರ ನೋಡಿ. 'ಬಿ' ಅಕ್ಷರದ ಪುಟದಲ್ಲಿ ಬೇಸಿಲ್ ಅನ್ನೋ ಪುಟ್ಟ ಹುಡುಗ, ಕರಡಿಗಳು. 'ಟಿ' ಪುಟದಲ್ಲಿ ಟೈಟಸ್, ಅವನ ಕೈಯಲ್ಲೊಂದು ಪೊಟ್ಟಣ. ಇನ್ನೂ ಏನೂ ಆಗಿಲ್ಲ. ಈಗ ಕೈ ತೆಗೆದು ಸಾಲು ಓದಿ. ಅಲ್ಲಿ ಎಲ್ಲ ಮುಗಿದೇ ಹೋಗಿದೆ: ಟೈಟಸ್ ಸಿಡಿದು ಚೂರು ಚೂರಾದ, ಅಷ್ಟೇ. ಚಿತ್ರ ಮುಂಚಿನ ಕ್ಷಣದ್ದು, ಸಾಲು ಆಮೇಲಿನದು, ನಡುವೆ ನಡೆದದ್ದನ್ನು ಗೋರಿ ಬರೆಯುವುದೂ ಇಲ್ಲ, ಬಿಡಿಸುವುದೂ ಇಲ್ಲ. ಅದನ್ನು ತುಂಬಿಸಿಕೊಳ್ಳುವವರು ನೀವು. ನಗು ಬರೋದೂ ಅಲ್ಲೇ, ನಕ್ಕಿದ್ದಕ್ಕೆ ಛೇ ಅನ್ನಿಸೋದೂ ಅಲ್ಲೇ. ಎಲ್ಲ ಪುಟವೂ ಹೀಗಿಲ್ಲ, ಕೆಲವು ಕಡೆ ಆಗಿದ್ದು ಕಣ್ಣೆದುರೇ ಇರುತ್ತದೆ. ಆದರೆ ನೆನಪಲ್ಲಿ ಉಳಿಯೋದು ಇಂಥ ಪುಟಗಳೇ.

ಎರಡನೇ ಸಲ ಜೋರಾಗಿ ಓದಿ. ಮೂಲ ಇಂಗ್ಲಿಷಿನಲ್ಲೇ ಓದಿ. ಇದರ ಲಯ ಒಂದು ಏಟು ಜೋರು, ಎರಡು ಏಟು ಹಗುರ, ಮತ್ತೆ ಜೋರು, ಹೀಗೆ ಶಿಶುಗೀತೆಯ ಕುಣಿತದ ಥರ ಸಾಗುತ್ತದೆ. ಎರಡೆರಡು ಸಾಲಿಗೆ ಒಂದು ಪ್ರಾಸ. ಇಲ್ಲಿ ಒಂದು ವಿಷಯ ಗಮನಿಸಿ: ಮೊದಲ ಮಗು ಏಮಿ ಸಾಯೋದು ಸ್ಟೇರ್ಸ್‌ನಿಂದ ಬಿದ್ದು. ಆಗ ನಮ್ಮ ಕಿವಿ ಒಂದು ಪ್ರಾಸಕ್ಕೆ ಕಾಯುತ್ತದೆ, ಬಂದೇ ಬರುತ್ತವೆ ಬೇರ್ಸ್. ಪಾಪ, ಬೇಸಿಲ್‌ಗೆ ಕರಡಿ ಗಂಟುಬಿದ್ದದ್ದೇ ಏಮಿ ಮೆಟ್ಟಿಲಿನಿಂದ ಬಿದ್ದಳು ಅನ್ನೋ ಕಾರಣಕ್ಕೆ! ಸಾವನ್ನು ಪ್ರಾಸ ನಿರ್ಧಾರ ಮಾಡುತ್ತಿದೆ. ನಿಜ ಜೀವನದಲ್ಲೂ ಸಾವಿಗೆ ಇದಕ್ಕಿಂತ ಒಳ್ಳೆಯ ಕಾರಣ ಎಷ್ಟೋ ಸಲ ಇರುವುದಿಲ್ಲ, ಅಲ್ವಾ? ಅದು ಗೊತ್ತಿದ್ದೂ ಲಯ ನಿಲ್ಲದೆ ಮುಂದೆ ಹೋಗುತ್ತದಲ್ಲ, ನನಗೆ ಈ ಪದ್ಯ ಇಷ್ಟವಾಗೋದೇ ಅದಕ್ಕೆ.

ಓದುವಾಗ ದನಿ ನಡುಗಿಸಬೇಡಿ, ಕಣ್ಣು ಅರಳಿಸಬೇಡಿ. ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಥರ ಒಂದೇ ದನಿಯಲ್ಲಿ ಓದಿ. ಭಯ ಹುಟ್ಟಿಸಲು ಹೊರಟರೆ ನಗು ಸತ್ತುಹೋಗುತ್ತದೆ, ನಗಿಸಲು ಹೊರಟರೆ ಭಯ.

'ಎನ್' ಪುಟಕ್ಕೆ ಬಂದಾಗ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಿ. ಬಿದ್ದು, ಮುಳುಗಿ, ಉಸಿರುಗಟ್ಟಿ, ಮೊಳೆ ನುಂಗಿ ಮಕ್ಕಳು ಸಾಯುತ್ತಿರುವ ನಡುವೆ ನೆವಿಲ್ ಅನ್ನೋ ಹುಡುಗ ಬೇಜಾರಿನಿಂದ ಸಾಯುತ್ತಾನೆ. ಚಿತ್ರದಲ್ಲಿ ಒಂದು ಕಿಟಕಿ, ಅದರಲ್ಲಿ ಹಣೆ ಮತ್ತು ಎರಡು ಕಣ್ಣು ಮಾತ್ರ. ಸುತ್ತ ಪೂರ್ತಿ ಕಪ್ಪು. ಆ ಕಪ್ಪು ಬಳಿದದ್ದಲ್ಲ, ಹತ್ತಿರ ಹಿಡಿದು ನೋಡಿ, ಪೆನ್ನಿನ ಸಣ್ಣ ಸಣ್ಣ ಗೆರೆಗಳನ್ನು ಒಂದರ ಮೇಲೊಂದು ಎಳೆದು ಎಳೆದು ಕಟ್ಟಿದ್ದು. ಅಷ್ಟು ತಾಳ್ಮೆಯಿಂದ ಬಿಡಿಸಿದ ಬೇಜಾರನ್ನು ನಾನು ಬೇರೆಲ್ಲೂ ನೋಡಿಲ್ಲ. ಗೋರಿಯ ಚಿತ್ರಗಳನ್ನು ಹೀಗೆ ಮೂಲೆ ಮೂಲೆ ಹುಡುಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ. 1961ರ 'ದಿ ಹ್ಯಾಪ್‌ಲೆಸ್ ಚೈಲ್ಡ್'ನಲ್ಲಿ ಷಾರ್ಲೆಟ್ ಸೋಫಿಯಾ ಅನ್ನೋ ಹುಡುಗಿಗೆ ಒಂದಾದ ಮೇಲೊಂದು ಕಷ್ಟ ಬರುತ್ತಿರುವಾಗ, ಕಂಬದ ಹಿಂದೆ, ಕುರ್ಚಿ ಕೆಳಗೆ ಪುಟ್ಟ ಪಿಶಾಚಿಯಂಥ ಪ್ರಾಣಿಗಳು ಅಡಗಿ ಕೂತಿರುತ್ತವೆ. ಕತೆ ಅವುಗಳ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ನೀತಿ ಹುಡುಕಬೇಡಿ. ಇದು ಮುಖ್ಯ. ಈ ಬಗೆಯ ಪುಸ್ತಕ ಶುರುವಾದದ್ದೇನೋ ನೀತಿಯಿಂದಲೇ. ಫ್ರಾಂಕ್‌ಫರ್ಟ್‌ನ ವೈದ್ಯ ಹೈನ್ರಿಖ್ ಹಾಫ್‌ಮನ್ 1844ರ ಕ್ರಿಸ್‌ಮಸ್‌ಗೆ ತನ್ನ ಮೂರು ವರ್ಷದ ಮಗನಿಗೆ ಕೊಡಲು ಒಳ್ಳೆಯ ಪುಸ್ತಕ ಸಿಗದೆ ತಾನೇ ಒಂದನ್ನು ಬರೆದು ಚಿತ್ರ ಬಿಡಿಸಿದ. ಮುಂದಿನ ವರ್ಷ ಅಚ್ಚಾಯಿತು. ಅದರಲ್ಲಿ ಬೆರಳು ಚೀಪುವ ಹುಡುಗನ ಹೆಬ್ಬೆರಳುಗಳನ್ನು ದರ್ಜಿ ದೊಡ್ಡ ಕತ್ತರಿಯಿಂದ ಕತ್ತರಿಸುತ್ತಾನೆ, ಬೆಂಕಿಕಡ್ಡಿ ಜೊತೆ ಆಡಿದ ಹುಡುಗಿ ಉರಿದು ಬೂದಿಯಾಗುತ್ತಾಳೆ. 1907ರಲ್ಲಿ ಇಂಗ್ಲೆಂಡಿನ ಹಿಲೇರ್ ಬೆಲಾಕ್ ಇದೇ ದಾರಿಯನ್ನು ಅಣಕಿಸಿ ಪದ್ಯ ಬರೆದ. ಅಲ್ಲೂ ಸುಳ್ಳು ಹೇಳಿದವಳಿಗೆ ಶಿಕ್ಷೆ ಆಗುತ್ತದೆ. ನಮ್ಮ ಗೋವಿನ ಹಾಡಿನಲ್ಲೂ ಸಾವಿದೆ, ಹುಲಿ ಪ್ರಾಣ ಬಿಡುತ್ತದೆ, ಆದರೆ ಅದಕ್ಕೊಂದು ಅರ್ಥ ಇದೆ. ಗೋರಿ ಮಾಡಿದ್ದು ಏನಂದರೆ, ಸಾವು ಉಳಿಸಿಕೊಂಡು ತಪ್ಪನ್ನು ಕಿತ್ತುಹಾಕಿದ. ಏಮಿ ಯಾವ ತಪ್ಪೂ ಮಾಡಿಲ್ಲ. ಹಾಗಾಗಿ ಓದುವವರಿಗೆ "ನಾನು ಒಳ್ಳೆಯವನು, ನನಗೇನೂ ಆಗಲ್ಲ" ಅನ್ನೋ ಸಮಾಧಾನ ಸಿಗುವುದಿಲ್ಲ. ಭಯ ಎಲ್ಲರಿಗೂ ಸಮ ಅಂತ ಒಪ್ಪಿಕೊಂಡ ಮೇಲೆ ಬರುವ ನಗು ಬೇರೆ ಥರದ್ದು, ಅದರಲ್ಲಿ ಇನ್ನೊಬ್ಬರನ್ನು ಹೀಯಾಳಿಸುವುದು ಇರುವುದಿಲ್ಲ.

ಯಾವುದರಿಂದ ಶುರು ಮಾಡಬೇಕು? ಮನಸ್ಸು ಮೆತ್ತಗಿದ್ದರೆ 1957ರ 'ದಿ ಡೌಟ್‌ಫುಲ್ ಗೆಸ್ಟ್' ಮೊದಲು ಓದಿ. ಪೆಂಗ್ವಿನ್‌ನಂಥ ಒಂದು ಪ್ರಾಣಿ, ಮಫ್ಲರ್ ಮತ್ತು ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಒಂದು ಮನೆಗೆ ಬಂದು 17 ವರ್ಷವಾದರೂ ಹೋಗುವುದಿಲ್ಲ. ಯಾರೂ ಸಾಯುವುದಿಲ್ಲ. ಆಮೇಲೆ ಅಕ್ಷರಮಾಲೆ, ಕೊನೆಗೆ ಷಾರ್ಲೆಟ್. ಒಂದೊಂದೇ ಕೊಳ್ಳುವ ಬದಲು 15 ಪುಸ್ತಕ ಸೇರಿಸಿ 1972ರಲ್ಲಿ ತಂದ 'ಆಂಫಿಗೋರಿ' ಅನ್ನೋ ಸಂಪುಟ ತಗೊಂಡರೆ ಈ ಮೂರೂ ಅದರಲ್ಲಿವೆ. ಆದರೆ ಅದನ್ನು ಹಾಗೇ ಮಕ್ಕಳ ಕೈಗೆ ಕೊಡಬೇಡಿ, 'ದಿ ಕ್ಯೂರಿಯಸ್ ಸೋಫಾ' ಅನ್ನೋ ದೊಡ್ಡವರ ತಮಾಷೆಯೂ ಅದರಲ್ಲೇ ಇದೆ. 1977ರ 'ದಿ ಲೋದ್‌ಸಮ್ ಕಪಲ್' ಇಂಗ್ಲೆಂಡಿನಲ್ಲಿ ನಿಜವಾಗಿ ನಡೆದ ಮಕ್ಕಳ ಕೊಲೆಗಳಿಂದ ಹುಟ್ಟಿದ್ದು. ಅಲ್ಲಿ ನನಗೆ ನಗು ಬರಲೇ ಇಲ್ಲ, ಬರಬೇಕು ಅಂತಲೂ ಅನ್ನಿಸಲಿಲ್ಲ.

ಮಕ್ಕಳಿಗೆ ಅಕ್ಷರಮಾಲೆ ಓದಿ ಹೇಳಬಹುದಾ? ಎಂಟೊಂಬತ್ತು ವರ್ಷ ಆಗಿದ್ದರೆ, ಮಗು ತಾನೇ ಕೇಳಿದರೆ, ಧಾರಾಳವಾಗಿ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಇತ್ತೀಚೆಗೆ ಸಾವಾಗಿದ್ದರೆ ಮಾತ್ರ ಈಗ ಬೇಡ. ಓದುವಾಗ ಪಕ್ಕದಲ್ಲೇ ಕೂತು, ಪುಟ ತಿರುಗಿಸುವ ಕೆಲಸ ಮಗುವಿಗೇ ಬಿಡಿ, ಯಾವ ಪುಟ ಬೇಡವೋ ಅದನ್ನು ಹಾರಿಸಲು ಬಿಡಿ. ಮೊದಲು ತನ್ನ ಹೆಸರಿನ ಅಕ್ಷರ ಹುಡುಕಿದರೆ ತಡೆಯಬೇಡಿ, ಆಮೇಲೆ ನಿಮ್ಮ ಹೆಸರಿನದ್ದು ಯಾವುದು ಅಂತ ಕೇಳಿದರೆ ಅದನ್ನೂ ತೋರಿಸಿ.